ಕೊನೆಯ ದೃಶ್ಯದ ಹುಡುಗಿ

ನಮ್ಮ ಹಳೆಯ ಸಂಸಾರದ ಸಿನಿಮಾಗಳಲ್ಲಿ ಮನೆ ತುಂಬ ಮಕ್ಕಳಿರುತ್ತವೆ. ಲೆಕ್ಕಕ್ಕೆ ಬರುವುದು ಮಾತ್ರ ಒಂದೇ. ಆ ಒಂದಕ್ಕೆ ಜ್ವರ ಬರುತ್ತದೆ, ಅದಕ್ಕೊಂದು ಹಾಡಿರುತ್ತದೆ, ಅದು ಕಾಣೆಯಾದರೆ ಮನೆಮಂದಿಯೆಲ್ಲ ಊರು ಸುತ್ತಿ ಹುಡುಕುತ್ತಾರೆ. ಮಿಕ್ಕವು ಕಂಬದ ಪಕ್ಕ ನಿಂತಿರುತ್ತವೆ. ನೀರು ತಾ ಅಂದರೆ ತರುತ್ತವೆ, ಹಬ್ಬದ ದೃಶ್ಯದಲ್ಲಿ ಎಲೆ ಮುಂದೆ ಕೂರುತ್ತವೆ. ಅಣ್ಣತಮ್ಮಂದಿರ ಜಗಳ ಶುರುವಾದ ಮೇಲೆ ಎಲ್ಲಿಗೆ ಹೋದವು ಅಂತ ಒಬ್ಬರೂ ಕೇಳುವುದಿಲ್ಲ. ಇಂಟರ್ವಲ್ ಆದಮೇಲೆ ಅವಕ್ಕೆ ಊಟ ಹಾಕಿದವರು ಯಾರು? ಅವು ಮಲಗಿದ್ದು ಎಲ್ಲಿ? ಕಥೆ ಬರೆದವರನ್ನು ಹಿಡಿದು ನಿಲ್ಲಿಸಿ ಕೇಳಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನನಗೇಕೆ ಇಷ್ಟು ಉರಿ ಅಂದರೆ, ಅಂಥ ಒಂದು ಮಗು ನಾನೇ.

ನಮ್ಮಪ್ಪ ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ, ನಾನೊಬ್ಬಳೇ ಮಗಳು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ಒಂದು ಸಿನಿಮಾದ ಶೂಟಿಂಗ್ ನಡೆಯಿತು. ಕೂಡುಕುಟುಂಬದ ಕಥೆ. ಹೀರೋನ ಮಗನ ಪಾತ್ರಕ್ಕೆ ಮದ್ರಾಸಿನಿಂದ ಒಬ್ಬ ಹುಡುಗ ಬಂದಿದ್ದ. ಮನೆ ತುಂಬಿಸಲು ಇನ್ನಷ್ಟು ಮಕ್ಕಳು ಬೇಕಿದ್ದವು. ಕ್ವಾರ್ಟರ್ಸಿನಲ್ಲಿ ಸುಮ್ಮನೆ ಕೂರುವ ಮಕ್ಕಳಿದ್ದರೆ ಕಳಿಸಿ ಅಂದರಂತೆ. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ.

ಹೀರೋನ ಅಣ್ಣನ ಮೂರನೇ ಮಗಳು ನಾನು. ಕಂಪನಿಯ ಟೈಲರ್ ಅಳತೆ ತೆಗೆದುಕೊಂಡು ಹಳದಿ ಫ್ರಾಕು ಹೊಲಿದುಕೊಟ್ಟ, ಚೂಪು ಕಾಲರಿನದು. ಎರಡು ಜಡೆ, ಕೆಂಪು ರಿಬ್ಬನ್ನು. ನನಗೂ ಒಂದು ಮಾತಿತ್ತು. ಹೀರೋ ಊರಿನಿಂದ ಬಂದು ಗೇಟು ತೆಗೆದಾಗ ನಾನು ಒಳಗೆ ಓಡಿಹೋಗಿ "ಚಿಕ್ಕಪ್ಪ ಬಂದ್ರು" ಅನ್ನಬೇಕು. ಮನೆಯಲ್ಲಿ ಅದನ್ನೇ ಹೇಳಿ ಹೇಳಿ ಅಮ್ಮನ ತಲೆ ತಿಂದಿದ್ದೆ. ಆಮೇಲೆ ಸಿನಿಮಾದಲ್ಲಿ ನೋಡಿದರೆ ಬಾಯಿ ನನ್ನದು, ದನಿ ಇನ್ಯಾರದೋ. ಮಕ್ಕಳ ದನಿಗೆ ದೊಡ್ಡ ಹೆಂಗಸರಿಂದಲೇ ಮಾತಾಡಿಸುತ್ತಿದ್ದ ಕಾಲ ಅದು.

ಶೂಟಿಂಗ್ ಮುಗಿಯುವ ಹೊತ್ತಿಗೆ ನನಗೆ ಮೈಮೇಲೆಲ್ಲ ಗುಳ್ಳೆ ಎದ್ದವು. ಸೀತಾಳೆ ಸಿಡುಬು, ಅಮ್ಮ ಆಗಿದೆ ಅಂತ ಹಾಸಿಗೆಯ ಸುತ್ತ ಬೇವಿನ ಸೊಪ್ಪು ಹಾಕಿ ಮಲಗಿಸಿದರು. ಇನ್ನು ಉಳಿದಿದ್ದದ್ದು ಕೊನೆಯ ದೃಶ್ಯವೊಂದೇ. ಜಗಳವೆಲ್ಲ ತೀರಿ, ಮುರಿದ ಮನೆ ಒಂದಾಗಿ, ಎಲ್ಲರೂ ಮೆಟ್ಟಿಲ ಮೇಲೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳುವುದು, ಮೇಲೆ ಶುಭಂ ಅಂತ ಬರುವುದು. ಪ್ರೊಡಕ್ಷನ್ನಿನವನೊಬ್ಬ ನಮ್ಮ ಬಾಗಿಲಿಗೆ ಬಂದ. ನಾನು ಒಳಗಿನಿಂದ ಕಿವಿಗೊಟ್ಟು ಕೇಳಿಸಿಕೊಂಡೆ. ಮಗು ಹೇಗಿದೆ ಅಂತ ಅವನು ಕೇಳಲಿಲ್ಲ, ಫ್ರಾಕು ಕೊಡಿ ಅಂದ.

ನನ್ನ ತಾಯಿ ಕೊಡಲಿಲ್ಲ. ಅಮ್ಮ ಇರುವ ಮನೆಯಿಂದ ಬಟ್ಟೆಬರೆ ಆಚೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅವನು ಎಷ್ಟು ಗೋಗರೆದರೂ ಅವರು ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವನು ಗೊಣಗುತ್ತಾ ಹೋದ.

ಆಮೇಲೆ ಏನು ಮಾಡಿದರೆಂದು ಗೊತ್ತಾದದ್ದು ಯಶವಂತಪುರದ ಟಾಕೀಸಿನಲ್ಲಿ. ಬೀದಿಗೆ ಬೀದಿಯೇ ಹೋಗಿತ್ತು. ಪರದೆಯ ಮೇಲೆ ನಾನು ಕಾಫಿ ಲೋಟ ಹಿಡಿದು ಬಂದಾಗ ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಕೊನೆಗೆ ಮೆಟ್ಟಿಲ ಮೇಲಿನ ದೃಶ್ಯ ಬಂತು. ನನ್ನ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ಅದೇ ಹಳದಿ, ಅದೇ ಎರಡು ಜಡೆ, ಕಾಲರು ಮಾತ್ರ ದುಂಡಗೆ. ಪಕ್ಕದ ಮನೆಯಾಕೆ ಬಾಗಿ, ಮತ್ತೆ ಬಂದಳು ನೋಡಿ ನಿಮ್ಮ ಮಗಳು ಅಂದರು. ಅಮ್ಮ ಹ್ಞೂಂ ಅಂದುಬಿಟ್ಟರು. ಮನೆಗೆ ಬಂದಮೇಲೆ ನಾನು ಅತ್ತು ರಂಪ ಮಾಡಿದೆ. ಜನ ಖುಷಿಯಾಗಿದ್ದಾರೆ, ಬಿಡು ಅಂದರು ಅಮ್ಮ.

ಬಿಡುವುದು ಹೇಗೆ? ಆ ದೃಶ್ಯದಲ್ಲಿ ನಾನಿಲ್ಲ ಅಂತ ಗೊತ್ತಿದ್ದವರು ನನ್ನ ಅಪ್ಪ ಅಮ್ಮ ಇಬ್ಬರೇ. ಅವರಿಬ್ಬರೂ ಹೋದರು. ನನಗೆ ಮದುವೆಯಾಗಲಿಲ್ಲ. ಪೀಣ್ಯದ ಒಂದು ಕಂಪನಿಯಲ್ಲಿ ಮೋಟಾರಿನ ಕಾಯಿಲ್ ಸುತ್ತಿ, ಆಮೇಲೆ ಬೇರೆಯವರು ಸುತ್ತಿದ್ದನ್ನು ಚೆಕ್ ಮಾಡಿ ರಿಟೈರಾದೆ. ಈಗ ಲಗ್ಗೆರೆಯಲ್ಲಿ ಒಂದು ಮಹಡಿ ಮನೆಯಲ್ಲಿದ್ದೇನೆ. ಕುಕ್ಕರಿಗೆ ಒಂದು ಲೋಟ ಅಕ್ಕಿ ಹಾಕಿದರೆ ಎರಡು ಹೊತ್ತಿಗಾಗುತ್ತದೆ. ಭಾನುವಾರ ಯಾರೂ ಬರುವುದಿಲ್ಲ, ಸೋಮವಾರವೂ ಯಾರೂ ಬರುವುದಿಲ್ಲ. ಒಂಟಿತನ ಅಭ್ಯಾಸವಾಗುತ್ತದೆ ಅಂತ ಹೇಳುವವರು ಸುಳ್ಳು ಹೇಳುತ್ತಾರೆ.

ನನಗೆ ದೊಡ್ಡ ಆಸೆಯೇನೂ ಇರಲಿಲ್ಲ. ಯಾರಾದರೂ ಒಬ್ಬರು ಆ ಸಿನಿಮಾ ನೋಡಿ, ಅಯ್ಯೋ, ಕೊನೆಯಲ್ಲಿ ಆ ಹುಡುಗಿ ಎಲ್ಲಿ ಅಂತ ಕೇಳಬೇಕು. ಅಷ್ಟೇ. ಟಿವಿಯಲ್ಲಿ ಬಂದಾಗಲೆಲ್ಲ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದೇನೆ. ಕೆಳಗಿನ ಮನೆಯ ಓನರಮ್ಮ, ಈ ಊರಿನ ಹಳಬರು, ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ನೋಡಿದರು. "ಇಂಗಿದ್ಯಾ ನೀನು, ಎಷ್ಟ್ ಮುದ್ದಾಗಿದ್ದೆ ಕಣವ್ವ" ಅಂದರು. ಕೊನೆಯ ದೃಶ್ಯ ಬಂತು. ಮೆಟ್ಟಿಲ ಮೇಲಿನ ದುಂಡು ಕಾಲರಿನವಳನ್ನು ತೋರಿಸಿ, ಇಲ್ಲೂ ಇದ್ದೀಯಲ್ಲ ಅಂತ ಸಿಪ್ಪೆ ಬಾಚಿಕೊಂಡು ಎದ್ದು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹೋದ ವರ್ಷ ಯಾರೋ ಪುಣ್ಯಾತ್ಮರು ಇಡೀ ಸಿನಿಮಾವನ್ನು ಇಂಟರ್‌ನೆಟ್ಟಿಗೆ ಹಾಕಿದರು. ಮೊಬೈಲಿನಲ್ಲಿ ನೋಡಿದೆ. ಕೆಳಗೆ ಜನ ಬರೆದದ್ದನ್ನೆಲ್ಲ ಓದಿದೆ. ಹೀರೋ ದೇವರು, ಹೀರೋಯಿನ್ ತಾಯಿ, ಆ ಮದ್ರಾಸಿನ ಹುಡುಗನ ನಟನೆಗೆ ಕಣ್ಣೀರು ಬಂತು, ಹೀಗೇ ಉದ್ದಕ್ಕೂ. ತಡೆಯಲಾರದೆ ನಾನೂ ಬರೆದೆ. ಅಣ್ಣನ ಮೂರನೇ ಮಗಳಾಗಿ ಮಾಡಿದ್ದು ನಾನು, ಕೊನೆಯ ದೃಶ್ಯದಲ್ಲಿ ಆ ಜಾಗದಲ್ಲಿರುವ ಹುಡುಗಿ ಬೇರೆ, ಯಾರಾದರೂ ಗಮನಿಸಿದ್ದೀರಾ ಅಂತ. ಯಾರೋ ಒಬ್ಬ, ಆಂಟಿ ಯಾವ ಹುಡುಗಿ ಅಂತ ಕೇಳಿದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕೆಲವು ವಾರಗಳಾದ ಮೇಲೆ ಇನ್ನೊಂದು ಉತ್ತರ ಬಂತು. ದಯವಿಟ್ಟು ನಿಮ್ಮ ನಂಬರ್ ಕೊಡಿ, ಮಾತಾಡಬೇಕು ಅಂತ. ಕೊಟ್ಟೆ. ಒಬ್ಬ ಹೆಂಗಸು ಫೋನ್ ಮಾಡಿದರು, ಅತ್ತಿಬೆಲೆಯಿಂದ. ಕೊನೆಯ ದೃಶ್ಯದಲ್ಲಿ ನಿಂತಿದ್ದವಳು ತಾನೇ ಅಂದರು. ಫ್ರಾಕು ಸಿಗಲಿಲ್ಲ ಅಂತ ಆದಾಗ ಕಂಪನಿಯ ಟೈಲರ್ ಇನ್ನೊಂದನ್ನು ಹೊಲಿದನಂತೆ, ತನ್ನ ಸ್ವಂತ ಮಗಳ ಅಳತೆಗೆ. ಆ ಮಗಳನ್ನೇ, ಅಂದರೆ ಇವರನ್ನೇ, ತಂದು ನಿಲ್ಲಿಸಿದರು. ಗುರುತು ಹತ್ತಬಾರದು, ಮುಖ ಸ್ವಲ್ಪ ಆಚೆ ತಿರುಗಿಸು ಅಂದಿದ್ದರಂತೆ.

ನಾನು ಖುಷಿಯಲ್ಲಿ ಏನೇನೋ ಕೇಳುತ್ತಾ ಹೋದೆ. ಅವರು ತಡೆದು, ಮೆಲ್ಲಗೆ ವಿಷಯಕ್ಕೆ ಬಂದರು. ಮದುವೆಯಾಗಿ ಹೋದ ಹೊಸದರಲ್ಲಿ, ಆ ಸಿನಿಮಾದಲ್ಲಿ ತಾನಿದ್ದೇನೆ ಅಂದಿದ್ದರಂತೆ. ಎಲ್ಲಿ ಅಂತ ಗಂಡ ಕೇಳಿದಾಗ, ಮುಖ ಸರಿಯಾಗಿ ಕಾಣದ್ದನ್ನು ತೋರಿಸುವುದು ಹೇಗೆಂದು, ಲೋಟ ಹಿಡಿದು ಬರುವ ಹುಡುಗಿಯನ್ನು ತೋರಿಸಿದರಂತೆ. ಈಗ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಆ ಹುಡುಗಿಯನ್ನು ಅವರೇ ಅಂತ ನಂಬಿದ್ದಾರೆ.

"ನಮ್ಮನೆ ಮಕ್ಳು ದಿನಾ ಫೋನ್ ನೋಡ್ತಾವೆ ಅಕ್ಕ. ನೀವು ಬರ್ದಿದ್ದನ್ನ ಅಳಿಸ್ಬಿಡಿ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. ನಾನ್ಯಾಕ್ರೀ ಅಳಿಸಬೇಕು, ಅದು ನನ್ನ ಮುಖ, ನನಗೆ ಅದು ಬಿಟ್ಟರೆ ಇನ್ನೇನಿದೆ ಅಂತ ಬಾಯಿಗೆ ಬಂದಂತೆ ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ತುಂಬ ಹೊತ್ತು ಅತ್ತೆ. ಒಂದು ಜಾಗವನ್ನು ಆಗಲೇ ಕಿತ್ತುಕೊಂಡಿದ್ದರು. ಉಳಿದಿದ್ದ ಚೂರನ್ನೂ ಕೇಳಲು ಬಂದರಲ್ಲ ಅನ್ನಿಸಿತು.

ಅವರು ಮತ್ತೆ ಫೋನ್ ಮಾಡಿದರು. ಬೈಯಲಿಲ್ಲ, ಅಳಲಿಲ್ಲ. ಒಂದು ಸಲ ಮನೆಗೆ ಬನ್ನಿ, ನೋಡಿ, ಆಮೇಲೆ ನಿಮ್ಮಿಷ್ಟ ಅಂದರು. ಹೋಗಬಾರದು ಅಂತಲೇ ಇದ್ದೆ. ಆದರೆ ನನ್ನನ್ನು ಮನೆಗೆ ಬನ್ನಿ ಅಂತ ಕರೆದು ಎಷ್ಟು ಕಾಲವಾಗಿತ್ತೋ. ಒಂದು ಭಾನುವಾರ ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಬಂದು ಅತ್ತಿಬೆಲೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಗೇಟು ತೆಗೆದದ್ದೇ ತಡ, ಒಳಗಿನಿಂದ ಒಂದು ಪುಟ್ಟ ಹುಡುಗಿ "ಚಿಕ್ಕಪ್ಪ ಬಂದ್ರು" ಅಂತ ಕೂಗಿಕೊಂಡು ಓಡಿತು. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಸೊಸೆ ನಗುತ್ತಾ ಬಂದು, ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮನೆಗೆ ಹಾಲಿನವನು ಬಂದರೂ ಹೀಗೇ ಕೂಗುತ್ತಾಳೆ, ಅತ್ತೆಯ ಸಿನಿಮಾ ಡೈಲಾಗು ಅಂದಳು. ನನ್ನಿಂದ ಕಿತ್ತುಕೊಂಡು ಯಾರದೋ ದನಿಗೆ ಕೊಟ್ಟ ಮಾತು ಆ ಮನೆಯಲ್ಲಿ ದಿನಾ ಓಡಾಡಿಕೊಂಡಿತ್ತು.

ನನ್ನನ್ನು ಹಳೆಯ ಸ್ನೇಹಿತೆ ಅಂತ ಪರಿಚಯ ಮಾಡಿಸಿದರು. ಅವರು ನನಗಿಂತ ಸಣ್ಣಗಿದ್ದರು, ಸ್ವಲ್ಪ ಬೆನ್ನು ಬಾಗಿತ್ತು. ಕಣ್ಣೆತ್ತಿ ನನ್ನನ್ನು ನೋಡುತ್ತಿರಲಿಲ್ಲ. ಉಪ್ಪಿಟ್ಟು, ಕಾಫಿ ಆಯಿತು. ನಾನು ಬಂದವಳೇ ಶುರು ಮಾಡಬೇಕೆಂದಿದ್ದ ಜಗಳ ಹಾಗೇ ಉಳಿದಿತ್ತು. ಅಷ್ಟರಲ್ಲಿ ಆ ಪುಟ್ಟಿ, ಈ ಅಜ್ಜಿಗೆ ನಮ್ಮಜ್ಜಿ ಸಿನಿಮಾ ತೋರಿಸೋಣ ಅಂತ ಟಿವಿಗೆ ಹಾಕಿಸಿತು.

ನಾನು ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದರೂ ಹಾಗೆ ನೋಡಿರಲಿಲ್ಲ. ಎರಡು ಜಡೆಯವಳು ಪರದೆಗೆ ಬಂದಾಗಲೆಲ್ಲ ಆ ಮನೆಯಲ್ಲಿ ಗದ್ದಲ. ಬಂದಳು ಬಂದಳು ಅಂತ ಪುಟ್ಟಿ ಎದ್ದು ನಿಲ್ಲುತ್ತಿತ್ತು. ಅವಳು ಎಲ್ಲಿ ಜಡೆ ಹಿಂದಕ್ಕೆ ಹಾಕಿಕೊಳ್ಳುತ್ತಾಳೆ, ಎಲ್ಲಿ ಕ್ಯಾಮೆರಾ ಕಡೆ ಕದ್ದು ನೋಡುತ್ತಾಳೆ, ಎಲ್ಲ ಅದಕ್ಕೆ ಬಾಯಿಪಾಠ. ಹೀರೋ ಅಳುತ್ತಿದ್ದರೂ ಅದರ ಕಣ್ಣು ಹಿಂದೆ ಕಂಬದ ಹತ್ತಿರ ನಿಂತ ನನ್ನ ಮೇಲೆ. ನನ್ನ ಜನ್ಮದಲ್ಲಿ ನನ್ನನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ಕೈ ಚಾಚಿದರೆ ಅದರ ತಲೆ ಸಿಗುತ್ತಿತ್ತು.

ಪುಟ್ಟಿ ನನ್ನ ಕಡೆ ತಿರುಗಿ, ಚಿಕ್ಕವಳಿದ್ದಾಗ ನಮ್ಮಜ್ಜಿ ಹೀಗೇ ಇದ್ದಳಾ ಅಂತ ಕೇಳಿತು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದರು. ಸೊಸೆಯೂ ನನ್ನ ಮುಖ ನೋಡಿದಳು. ಅದು ನಾನು ಅಂತ ಅಂದುಬಿಟ್ಟರೆ ಮುಗಿಯುತ್ತಿತ್ತು, ನಾನು ಅಷ್ಟು ದೂರ ಬಂದದ್ದೇ ಅದಕ್ಕೆ. ಹೇಳಿ ಎದ್ದು ಬಂದರೆ ನಾನು ಮತ್ತೆ ಆ ಪುಟ್ಟಿಯ ಕಣ್ಣಿಗೆ ಯಾರೂ ಅಲ್ಲ. ಆಕೆಯೂ ಯಾರೂ ಅಲ್ಲದಂತಾಗುತ್ತಿದ್ದರು.

"ಹ್ಞೂಂ ಕಣೇ, ನಿಮ್ಮಜ್ಜೀನೇ. ಅಚ್ಚು ಹಂಗೇ ಇದ್ಲು" ಅಂದೆ.

ಅಂದಮೇಲೆ ಒಂದು ಥರಾ ಖಾಲಿಯಾಯಿತು. ಸಂಕಟವೂ ಅಲ್ಲ, ಸಮಾಧಾನವೂ ಅಲ್ಲ. ಸಿನಿಮಾ ನಡೆಯುತ್ತಲೇ ಇತ್ತು. ಇಂಟರ್ವಲ್ ಆಯಿತು, ಮನೆ ಒಡೆಯಿತು, ಮತ್ತೆ ಒಂದಾಯಿತು. ಮೆಟ್ಟಿಲ ಮೇಲೆ ಎಲ್ಲರೂ ಬಂದು ನಿಂತರು. ನಾನು ಅಲ್ಲಿಯವರೆಗೆ ಆ ದೃಶ್ಯದಲ್ಲಿ ನೋಡುತ್ತಿದ್ದದ್ದು ಕಾಲರನ್ನು ಮಾತ್ರ. ಆ ಮಗುವಿನ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಅಷ್ಟು ಜನ ನಗುವವರ ನಡುವೆ ಅದೊಂದೇ ನಗುತ್ತಿರಲಿಲ್ಲ.

ಪುಟ್ಟಿಯೂ ಅದನ್ನೇ ಕೇಳಿತು. ಇಲ್ಲಿ ಮಾತ್ರ ಯಾಕಜ್ಜಿ ನೀನು ಆ ಕಡೆ ನೋಡುತ್ತೀಯ ಅಂತ. ದಿನಾ ಕೇಳುತ್ತಿರಬೇಕು, ಯಾಕೆಂದರೆ ಸೊಸೆ, ಬಿಸಿಲಿತ್ತಂತೆ ಅಂತ ತಾನೇ ಹೇಳಿದಳು. ಆಕೆ ತಲೆಯಾಡಿಸಿದರು, ಬಿಸಿಲಲ್ಲ ಅಂತ. ಆ ದಿನ ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ಅಲ್ಲಿ ಇನ್ನೊಬ್ಳು ಹುಡುಗಿ ಇದ್ಲು ಕಂದ. ಅವತ್ತು ಬಂದಿರ್ಲಿಲ್ಲ. ಈಗ ಬರ್ತಾಳೆ, ಈಗ ಬರ್ತಾಳೆ ಅಂತ ಗೇಟಿನ ಕಡೆ ನೋಡ್ತಿದ್ದೆ."

"ಬಂದ್ಲಾ?" ಅಂತ ಕೇಳಿತು ಮಗು.

ಬಂದಳು ಅಂತ ಆಕೆ ಹೇಗೆ ಹೇಳಿಯಾರು, ಮನೆಯವರೆಲ್ಲ ಕೂತಿದ್ದರು. ಬಂದವರಿಗೆ ಕುಂಕುಮ ಕೊಡಬೇಕು, ತಟ್ಟೆ ತಾ ಹೋಗು ಅಂತ ಪುಟ್ಟಿಯನ್ನು ಒಳಗೆ ಕಳಿಸಿದರು.

ಮುಖ ತಿರುಗಿಸು ಅಂತ ಹೇಳಿದ್ದಕ್ಕೆ ತಿರುಗಿಸಿದಳೋ, ನಿಜವಾಗಿ ನನಗಾಗಿ ಕಾದಳೋ, ನನ್ನ ಮನಸ್ಸಿಗೆ ಸಮಾಧಾನವಾಗಲಿ ಅಂತ ಆ ಗಳಿಗೆಯಲ್ಲಿ ಹೊಳೆದ ಮಾತೋ, ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ವಾಪಸು ಬರುವಾಗ ಬೊಮ್ಮನಹಳ್ಳಿಯಲ್ಲಿ ಬಸ್ಸು ಬಹಳ ಹೊತ್ತು ಸಿಕ್ಕಿಹಾಕಿಕೊಂಡಿತು. ಅಲ್ಲಿ ಫೋನು ತೆಗೆದು, ಬರೆದದ್ದನ್ನು ಅಳಿಸಿದೆ. ಈಗ ಆ ಸಿನಿಮಾದಲ್ಲಿ ನಾನು ಎಲ್ಲೂ ಇಲ್ಲ. ಕೊನೆಯಲ್ಲಿ ಒಬ್ಬಳು ನಿಂತು ನನ್ನ ದಾರಿ ಕಾಯುತ್ತಾಳೆ.