ಇಂಗ್ಲಿಷ್ ಮೇಡಂ ಹಣೆಯ ಕುಂಕುಮ

ಪಾಠ ಮುಗಿಯುವ ಹೊತ್ತಿಗೆ ಅವರ ಹಣೆಯ ಕುಂಕುಮದ ಸುತ್ತ ಸೀಮೆಸುಣ್ಣದ ಬಿಳಿ ಮೆತ್ತಿಕೊಂಡಿರುತ್ತಿತ್ತು. ಯೋಚಿಸುವಾಗ ಬೆರಳಿನಿಂದ ಹಣೆ ಒತ್ತಿಕೊಳ್ಳುವುದು ಅವರ ಅಭ್ಯಾಸ. ಕುಂಕುಮ ಕಾಸಿನಗಲ ಇತ್ತು ಎಂದು ಬರೆಯಹೊರಟು ನಿಲ್ಲಿಸಿದೆ. ನಿಜಕ್ಕೂ ಅಷ್ಟು ದೊಡ್ಡದಿತ್ತೋ, ಆಮೇಲೆ ನಡೆದದ್ದೆಲ್ಲ ಸೇರಿ ನನ್ನ ನೆನಪಿನಲ್ಲಿ ದೊಡ್ಡದಾಯಿತೋ, ಹೇಳಲಾರೆ.

ತೊಂಬತ್ತರ ದಶಕದ ಮಾತು. ಪಿಯುಸಿಯಲ್ಲಿ ಇಂಗ್ಲಿಷ್ ನನಗೆ ಕೈಕೊಟ್ಟಿತ್ತು. ಒಂಟಿಕೊಪ್ಪಲಿನ ನಮ್ಮ ಮನೆಯಿಂದ ಕುಂಬಾರಕೊಪ್ಪಲಿಗೆ ಸೈಕಲ್ ತುಳಿದುಕೊಂಡು ಅವರ ಮನೆಗೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ಹಜಾರದಲ್ಲಿ ಚಾಪೆ, ಗೋಡೆಗೊಂದು ಕರಿಹಲಗೆ. ಅಡುಗೆಮನೆ ಬಾಗಿಲಲ್ಲಿ ಅವರ ಅತ್ತೆ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರು. ನಮಗೆಲ್ಲ ಅವರು ಅಜ್ಜಿ. ಮೇಡಂ ಗಂಡ ಊದುಬತ್ತಿ ಮಾರಲು ಊರೂರು ತಿರುಗುತ್ತಿದ್ದವರು, ಒಮ್ಮೆ ಹೋದವರು ಮರಳಿರಲಿಲ್ಲ. ಮಕ್ಕಳಿಲ್ಲ. ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಕಾಲ ಹೇಳುವ ಇಂಗ್ಲಿಷ್ ಪದಗಳನ್ನು ಅವರು ಹಸು ಕಟ್ಟುವ ಲೆಕ್ಕದಲ್ಲಿ ಕಲಿಸುತ್ತಿದ್ದರು. “ಸಿನ್ಸ್ ಅಂದ್ರೆ ಗೂಟ ಕಣ್ರೋ. ಎಲ್ಲಿಂದ ಶುರು ಅನ್ನೋದು. ಸಿನ್ಸ್ ಮಂಡೇ, ಸಿನ್ಸ್ ದಸರಾ. ಫಾರ್ ಅಂದ್ರೆ ಹಗ್ಗ. ಎಷ್ಟುದ್ದ ಅನ್ನೋದು. ಫಾರ್ ಟೂ ಡೇಸ್, ಫಾರ್ ಎ ವೀಕ್. ಗೂಟ ಹಿಡ್ಕೊಂಡು ಉದ್ದ ಅಳೀಬೇಡಿ.” ‘ಎಗೊ’ ಬಂತೆಂದರೆ ಹಗ್ಗ ಹರಿದುಹೋಗಿದೆ, ಅಲ್ಲಿ ಬರೀ ಭೂತಕಾಲ. ‘ಯೆಟ್’ ಅಂದರೆ ಹಸು ಇನ್ನೂ ಕೊಟ್ಟಿಗೆಗೆ ಬಂದಿಲ್ಲ, ಬಂದೀತೆಂದು ಬಾಗಿಲು ತೆರೆದೇ ಇದೆ. ಅದನ್ನು ವಾಕ್ಯದ ಕೊನೆಗೆ ನಿಲ್ಲಿಸಬೇಕು.

ಒಂದು ಕಟ್ಟುನಿಟ್ಟಿತ್ತು. ಉದಾಹರಣೆ ನಿಜವಾಗಿರಬೇಕು, ಕನ್ನಡದಲ್ಲಿ ಅರ್ಥವನ್ನೂ ಹೇಳಬೇಕು. ಒಬ್ಬ ಹುಡುಗ ‘ಯೆಟ್’ಗೆ, “ನಮ್ಮ ಬೀದಿ ನಲ್ಲೀಲಿ ನೀರು ಇನ್ನೂ ಬಂದಿಲ್ಲ” ಎಂದ. ಒಳಗಿಂದ ಅಜ್ಜಿ, “ಬಂದದೆ ಕಣೋ ಸುಳ್ಳ! ನಿಮ್ಮವ್ವ ಬಿಂದಿಗೆ ಹೊತ್ಕೊಂಡು ಹೋದ್ಲು, ನಾನೇ ನೋಡ್ದೆ” ಎಂದರು. ಎಲ್ಲರೂ ನಕ್ಕೆವು. ಮುಖ ಕೆಂಪಾದ ಹುಡುಗ, “ಹಂಗಾದ್ರೆ ನೀವೇ ಒಂದು ಹೇಳಿ ಮೇಡಂ” ಎಂದುಬಿಟ್ಟ.

ಅವರು ಹಲಗೆಯ ಕಡೆ ತಿರುಗಿ ಒಂದು ವಾಕ್ಯ ಬರೆದರು. “ಅರ್ಥ ಹೇಳ್ರೋ” ಎಂದರು. ನಾವೆಲ್ಲ ನೋಟ್‌ಬುಕ್ಕಿಗೆ ತಲೆ ಬಗ್ಗಿಸಿದೆವು. ಕೊನೆಗೆ ಅವರೇ ಓದಿದರು: “ನನ್ನ ಗಂಡ ಇನ್ನೂ ಮನೆಗೆ ಬಂದಿಲ್ಲ.” ಅಜ್ಜಿ ಸೊಪ್ಪಿನ ತಟ್ಟೆ ಅಲ್ಲೇ ಬಿಟ್ಟು ಒಳಗೆ ಎದ್ದುಹೋದರು.

ಆ ಕುಂಕುಮದ ಮೇಲೆ ಊರವರೆಲ್ಲರ ಕಣ್ಣು. ಇಷ್ಟು ವರ್ಷ ಬಾರದವನು ಬದುಕಿದ್ದಾನೆಯೆ? ಈಕೆ ಮುತ್ತೈದೆಯೋ ಅಲ್ಲವೋ? ಒಂದು ಗೌರಿ ಹಬ್ಬಕ್ಕೆ ಅಮ್ಮ ಅವರನ್ನು ಬಾಗಿನಕ್ಕೆ ಕರೆದಿದ್ದಳು. ಅಮ್ಮ ಮೊರ ಕೈಗೆತ್ತಿಕೊಂಡಾಗ ದೊಡ್ಡಮ್ಮ, “ಇವ್ರಿಗ್ ಕೊಡ್ಬೋದೇನೇ?” ಎಂದರು. ಮೆಲ್ಲಗೇ ಕೇಳಿದ್ದು, ಆದರೆ ಎಲ್ಲರಿಗೂ ಕೇಳಿಸಿತು. ಮೇಡಂ ನಕ್ಕು, “ಕ್ಲಾಸಿಗೆ ಹೊತ್ತಾಯ್ತು ಕಣ್ರೀ, ಬರ್ತೀನಿ” ಎಂದು ಎದ್ದರು. ಹಬ್ಬದ ದಿನ ಕ್ಲಾಸಿರಲಿಲ್ಲ. ಅವರ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು. “ಬಾಗಲ್ ತನಕ ಓಡಿಹೋಗಿ ಕೊಟ್ಟೆ ಕಣೇ” ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅವರು ಬರಿಗೈಯಲ್ಲಿ ಗೇಟು ದಾಟುತ್ತಾರೆ. ನಮ್ಮಿಬ್ಬರಲ್ಲಿ ಯಾರು ತಮಗೆ ಬೇಕಾದದ್ದನ್ನು ನೆನೆಯುತ್ತಿದ್ದಾರೋ ತಿಳಿಯದು.

ನಾನು ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಎರಡು ಸಾವಿರದ ಇಸವಿಯ ಆಚೆಗೆ, ಮೇಡಂ ಎದೆನೋವೆಂದು ಮಲಗಿದವರು ಏಳಲಿಲ್ಲ. ಹಜಾರದಲ್ಲೇ ಮಲಗಿಸಿದ್ದರು. ಮೀಯಿಸಿದ ಹೆಂಗಸರು ಮುಂದೇನೆಂದು ತಿಳಿಯದೆ ನಿಂತಿದ್ದರು. ಮುತ್ತೈದೆಯಾದರೆ ಹೂವು, ಹಸಿರು ಬಳೆ, ಕುಂಕುಮ. ಅಲ್ಲದಿದ್ದರೆ ಯಾವುದೂ ಇಲ್ಲ.

“ಹೆಂಗ್ ಮಾಡೋದು? ನಾಳೆ ತಪ್ಪಾಗ್ಬಾರ್ದಲ್ಲ” ಎಂದರು ಒಬ್ಬರು.

ಗೋಡೆಗೊರಗಿದ್ದ ಅಜ್ಜಿ ಸಿಡಿದರು. “ಎಂಥ ತಪ್ರೇ? ನನ್ ಮಗ ಸತ್ತೋದ ಅಂತ ನಿಮ್ಗ್ಯಾರ್ ಯೋಳಿದ್ರು? ತತ್ತಾ ಇಲ್ಲಿ!” ಕುಂಕುಮದ ಬಟ್ಟಲು ಕಿತ್ತುಕೊಂಡು ತಾವೇ ಇಟ್ಟರು. ಒತ್ತಿದ ರಭಸಕ್ಕೆ ಮೂಗಿನ ಮೇಲೂ ಉದುರಿತು. ಯಾರೂ ಒರೆಸಲಿಲ್ಲ.

ಹೊತ್ತುಕೊಂಡು ಹೋದ ಮೇಲೆ ಅಜ್ಜಿಯ ಹತ್ತಿರ ನಾನೊಬ್ಬಳೇ ಉಳಿದೆ. ಅವರು ನನ್ನ ಕೈ ಹಿಡಿದುಕೊಂಡರು. “ಅವ್ನು ಸತ್ತು ಬಾಳ ವರ್ಷ ಆಯ್ತು ಕಣವ್ವ. ಜತೇಲಿ ಬತ್ತಿ ಮಾರ್ತಿದ್ದೋನು ಬಂದು ಯೋಳ್ದ. ಜ್ವರ ಬಂದು ಯಾವ್ದೋ ಊರಲ್ಲಿ ಮಣ್ಣಾದ್ನಂತೆ. ಇವ್ಳು ಅವತ್ತು ಮನೇಲಿರ್ಲಿಲ್ಲ. ಯೋಳಿದ್ರೆ ಬಳೆ ಒಡ್ದು ಬೊಟ್ಟು ಅಳಿಸ್ಬುಡೋರು. ನಂಗೆ ಅಳಿಸಿದ್ದು ನಂಗ್ ನೆಪ್ಪಿಲ್ವಾ? ಇವ್ಳಿಗ್ ಬ್ಯಾಡ ಅಂತ ಬಾಯ್ ಮುಚ್ಕೊಂಡೆ.”

ಸೊಸೆಗೆ ಕುಂಕುಮ ಉಳಿಯಿತು, ಕಾಯುವುದೂ ಉಳಿಯಿತು. ಅಜ್ಜಿ ಮಾಡಿದ್ದು ಸರಿಯೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೇಡಂಗೆ ಅನುಮಾನವಾದರೂ ಬಂದಿತ್ತೇ ಎಂದು ಕೇಳಲು ಈಗ ಇಬ್ಬರೂ ಇಲ್ಲ.

ಅವತ್ತು ಅಷ್ಟು ಹೇಳಿ ಅಜ್ಜಿ ಅಳತೊಡಗಿದರು. ಸೊಸೆಯ ಹೆಸರನ್ನಲ್ಲ, ಮಗನ ಹೆಸರನ್ನು ಕೂಗಿ, ಎದೆ ಬಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ. ಬಾಗಿಲಿಗೆ ಬಂದ ಪಕ್ಕದ ಮನೆಯಾಕೆ, “ಪಾಪ, ವಯಸ್ಸಾಯ್ತು. ಹೋಗಿದ್ದು ಯಾರು ಅನ್ನೋದೂ ಗೊತ್ತಾಗ್ತಿಲ್ಲ ಅಜ್ಜಿಗೆ” ಎಂದರು.

ನಾನು ಅಜ್ಜಿಯ ಬೆನ್ನು ಸವರುತ್ತ ಕೂತೆ.