ಮೊದಲ ಚಾ

ಇಳಕಲ್ಲಿನ ಕಲ್ಲು ಪಾಲಿಶ್ ಕಾರ್ಖಾನೆಗೆ ಜನರನ್ನು ಆರಿಸಲು ಬಂದಿದ್ದ ಬಾಯಾರು ಮನಃಶಾಸ್ತ್ರ ಓದಿದವರು. "ಮಾರಿ ನೋಡಿದ್ರ ಸಾಕು, ಮನಸಿನಾಗಿಂದೆಲ್ಲಾ ಓದ್ತಾಳಂತವ್ವಾ!" ಎಂದು ಜೊತೆಯವರು ಹೆದರಿಸಿದ್ದರು. ಮೊಮ್ಮಕ್ಕಳೇ, ಆ ಕೆಲಸ ಸಿಗದಿದ್ದರೆ ನಿಮ್ಮಪ್ಪನನ್ನು ಶಾಲೆ ಬಿಡಿಸಬೇಕಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಒಳಗೆ ಹೋದೆ.

"ಮೊದಲ ಚಾ ಕುಡೀರಿ, ಆಮ್ಯಾಲ ಮಾತು," ಎನ್ನುತ್ತ ಬಾಯಾರು ಚಾದ ಕಪ್-ಬಸಿ ಚಾಚಿದರು. ಬಸಿ ಗಡಗಡ ಸದ್ದು ಮಾಡಿತು. ಸೆರಗು ಸರಿಸಿ ನೋಡಿದರೆ ಅವರ ಕೈಯೇ ನಡುಗುತ್ತಿತ್ತು.

"ನಂದೂ ಇವತ್ತ ಮೊದಲನೇ ದಿನಾರಿ," ಎಂದರು ಬಾಯಾರು.

"ಅಂಜಬ್ಯಾಡ್ರಿ ಬಾಯಾರ, ನಾ ಹಿಡೀತೇನಿ," ಎಂದೆ. ನನಗೇ ಆಶ್ಚರ್ಯವಾಯಿತು. ಇಬ್ಬರೂ ನಕ್ಕೆವು.

"ನಾಳಿಂದ ಬರ್ರಿ. ಅಂಜಿಕೊಂಡು ಬಂದೋರಿಗೆ ನೀವ ಚಾ ಕೊಡ್ರಿ."

ಅಂದಿನಿಂದ ಸಂದರ್ಶನವಿದ್ದ ದಿನವೆಲ್ಲ "ಮೊದಲ ಚಾ ಕುಡೀರಿ" ಎಂಬ ಮಾತು ಅವರದು, ಚಾ ನನ್ನದು.