ಕಪ್ಪೆಚಿಪ್ಪಿನೊಳಗಿನ ಮೆಟ್ಟಿಲು

ಕಳೆದ ವಾರ ಮತ್ತಿಗಿರಿಯ ಮನೆಯಲ್ಲಿ ಹಳೆಯ ಕೈಚೀಲ ಕೊಡವಿದಾಗ ಕಪ್ಪೆಚಿಪ್ಪಿನ ಚೂರೊಂದು ನೆಲಕ್ಕೆ ಬಿತ್ತು. ಒಳಮೈ ಇನ್ನೂ ಮುತ್ತಿನಂತೆ ಹೊಳೆಯುತ್ತಿತ್ತು. ಅಕ್ಕನ ನೆನಪಾಯಿತು...

ಹೊಸೂರಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಲೋಹದ ತುಂಡುಗಳನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಅವನ್ನು ಉಜ್ಜಿ ನಯ ಮಾಡಿಕೊಡುವುದು, ಲ್ಯಾಬಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಕಾಂಟ್ರ್ಯಾಕ್ಟ್ ಕೆಲಸದವಳ ಪಾಲು. ಉದ್ದನಪಲ್ಲಿಯ ರೈತರ ಮನೆಯವಳು, ಓದಿದ್ದು ಹತ್ತನೆಯವರೆಗೆ. ನನ್ನದು ಡಿಪ್ಲೊಮಾ. ಅದನ್ನು ನಾನು ಮರೆಯುತ್ತಿರಲಿಲ್ಲ, ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಒಮ್ಮೆ ಊಟದ ಬಿಡುವಿನಲ್ಲಿ ಅವಳು ಊರ ಕೆರೆಯ ಕಪ್ಪೆಚಿಪ್ಪೊಂದನ್ನು ತಂದು, ಇದರೊಳಗೆ ಏನಿದೆಯೋ ನೋಡಲೇ ಎಂದು ಕೇಳಿದಳು. ಹೂಂ ಅಂದೆ. ಒಂದು ಚೂರು ಮುರಿದು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದಳು.

“ಮೇಡಂ, ಮೆಟ್ಲು ಮೆಟ್ಲಾಗಿ ಐತೆ. ಕೆಳಗಿನ ವರಸೆ ತುಂಬಾಕ್ ಮುಂಚೇನೇ ಮೇಲಿನ್ದು ಸುರುವಾಗ್ಬುಟ್ಟೈತೆ.”

ನನಗೆ ಬರೀ ಹೊಳಪು ಕಂಡಿತು. ಅವಳು ಬೆಳಕು ತಗ್ಗಿಸಿ, ಚೂರನ್ನು ಓರೆ ಮಾಡಿ ತೋರಿಸಿದ ಮೇಲೆಯೇ ಆ ಮೆಟ್ಟಿಲು ಕಂಡದ್ದು. ಆ ಚೂರನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು ಹುಡುಕಿ ಓದಿದೆ. ಸುಣ್ಣದ ತೆಳು ಬಿಲ್ಲೆಗಳು, ನಡುನಡುವೆ ಅದಕ್ಕಿಂತ ತೆಳುವಾದ ಪೊರೆ. ಒಳಗಿನ ಜೀವಿ ಹೀಗೆ ಪದರದ ಮೇಲೆ ಪದರ ಬೆಳೆಸುತ್ತಾ ಹೋಗುತ್ತದಂತೆ. ಅಕ್ಕ ಹೇಳಿದ್ದು ಸರಿಯಾಗಿತ್ತು. ವರ್ಷಗಟ್ಟಲೆ ಅದೇ ಯಂತ್ರದ ಮುಂದೆ ಕೂತ ನನಗೆ ಆ ಕಣ್ಣು ಏಕಿಲ್ಲ?

ಅವಳು ರಜೆಯಲ್ಲಿದ್ದ ದಿನ ಬೆಂಗಳೂರಿನಿಂದ ಮೈಕ್ರೋಸ್ಕೋಪಿನ ಸರ್ವಿಸ್ ಎಂಜಿನಿಯರ್ ಬಂದರು. ಅವಳು ಬಿಡುವಿನಲ್ಲಿ ಮತ್ತೆ ಮತ್ತೆ ಚಿಪ್ಪು ತಂದು ಅದೇ ಯಂತ್ರದಲ್ಲಿ ತೆಗೆದಿಟ್ಟಿದ್ದ ಫೋಟೋಗಳನ್ನು ನೋಡಿ ಬೆರಗಾದರು. ಆ ಬಿಲ್ಲೆಗಳನ್ನು ಒಂದೊಂದಾಗಿ ತೋರಿಸುವ ಯಂತ್ರ ಗೆಳೆಯರೊಬ್ಬರ ಲ್ಯಾಬಿನಲ್ಲಿದೆ, ಇದನ್ನು ತೆಗೆದವರನ್ನು ಒಮ್ಮೆ ಕಳಿಸಿ ಎಂದು ನಂಬರ್ ಬರೆದುಕೊಟ್ಟರು. ಅವರು ಗೇಟು ದಾಟುತ್ತಿದ್ದಂತೆ ಆ ಚೀಟಿಯನ್ನು ಹರಿದು ಹಾಕಿದೆ.

ಮರುದಿನ ಅಕ್ಕ ಕೇಳಿದಳು. “ನನ್ ಫೋಟೋ ನೋಡುದ್ರಾ ಅವ್ರು? ಏನಾರಾ ಅಂದ್ರಾ?”

“ಏನೂ ಅನ್ಲಿಲ್ಲ ಅಕ್ಕ.”

ಅವಳು ನಕ್ಕು ಉಜ್ಜುವ ಚಕ್ರದ ಮುಂದೆ ಕೂತಳು. ಆಮೇಲೆ ಚಿಪ್ಪು ತರಲಿಲ್ಲ. ಮರುವರ್ಷ ಕಾಂಟ್ರ್ಯಾಕ್ಟ್ ಮುಗಿದು ಹೊರಟುಹೋದಳು...

ಈ ಭಾನುವಾರ ಎಲ್ಲವನ್ನೂ ಹೇಳಿಬಿಡಬೇಕೆಂದು ಉದ್ದನಪಲ್ಲಿಗೆ ಹೋದೆ. ಬಾಗಿಲು ತೆರೆದವಳು ಅವಳ ತಂಗಿ. ಅಕ್ಕ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

“ಲ್ಯಾಬ್ ಮೇಡಂ ನೀವೇನಾ? ನಿಮ್ದೇ ಮಾತು ಆಡ್ತಿದ್ಲು. ಬ್ಯಾರೇರಾಗಿದ್ರೆ ಮಿಷನ್ ಮುಟ್ಟಾಕೂ ಬುಡ್ತಿರ್ಲಿಲ್ಲ, ನಮ್ ಮೇಡಂ ನೋಡಾಕ್ ಬುಟ್ರು ಅಂತಿದ್ಲು.”

ಹೇಳಲು ಬಂದದ್ದನ್ನು ಹೇಳದೆಯೇ, ಕೊಟ್ಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ. ಹೊಸೂರಿನವರೆಗೂ ಅಳು ಬರುತ್ತಲೇ ಇತ್ತು. ನನ್ನಲ್ಲೂ ಒಳ್ಳೆಯದನ್ನೇ ಕಂಡುಹೋದ ಆ ಸತ್ತವಳ ಮೇಲೆ, ಆಗಲೂ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.